ಕಾರಿಗೆ ಪಿಕಪ್ ಇಲ್ಲವೇ? ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಕೊನೆಗೆ

"ಪಿಕಪ್ ಇಲ್ಲ" ಅಂತ ಗ್ಯಾರೇಜಿಗೆ ಕಾರು ಒಯ್ದರೆ ಸಾಮಾನ್ಯವಾಗಿ ಸಿಗುವ ಉತ್ತರ ಯಾವುದೋ ಒಂದು ಬಿಡಿಭಾಗದ ಹೆಸರು. ಡೀಸೆಲ್ ಆದರೆ ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಭಾಗ) ಅಥವಾ ಇಂಜೆಕ್ಟರ್ (ಇಂಧನ ಸಿಂಪಡಿಸುವ ಭಾಗ), ಪೆಟ್ರೋಲ್ ಆದರೆ ಫ್ಯುಯೆಲ್ ಪಂಪ್. ಬದಲಾಯಿಸಿ ನೋಡೋಣ ಅನ್ನುತ್ತಾರೆ. ನೋಡುವ ಖರ್ಚು ನಮ್ಮದು. ಎಳೆತ ಕಡಿಮೆಯಾಗುವುದಕ್ಕೆ ಹತ್ತಾರು ಕಾರಣಗಳಿವೆ, ಅವುಗಳಲ್ಲಿ ಅರ್ಧದಷ್ಟನ್ನು ದುಡ್ಡಿಲ್ಲದೆ ಮನೆಯಂಗಳದಲ್ಲೇ ಪರೀಕ್ಷಿಸಬಹುದು. ಉಳಿದವನ್ನು ಗ್ಯಾರೇಜಿನಲ್ಲೇ ಮಾಡಿಸಬೇಕು, ಆದರೆ ಇಂಥದ್ದೇ ಪರೀಕ್ಷೆ ಮಾಡಿ ಅಂತ ಕೇಳುವಷ್ಟು ತಿಳಿವಳಿಕೆ ನಮಗಿರಬೇಕು. ಪರೀಕ್ಷೆಯಿಲ್ಲದೆ ಯಾವ ಭಾಗವನ್ನೂ ಬದಲಾಯಿಸಲು ಒಪ್ಪಬೇಡಿ. ಈ ಬರಹದ ಉದ್ದಕ್ಕೂ ನಾನು ಹಿಡಿದಿರುವ ಪಟ್ಟು ಅದೊಂದೇ.

ಉದಾಹರಣೆಗೆ ಹೆಚ್ಚಾಗಿ 1.3 ಲೀಟರ್ ಮಲ್ಟಿಜೆಟ್ ಡೀಸೆಲ್ ಎಂಜಿನನ್ನು ಇಟ್ಟುಕೊಂಡಿದ್ದೇನೆ. ಫಿಯೆಟ್‌ನ ಈ ಎಂಜಿನ್ ಸ್ವಿಫ್ಟ್, ಡಿಜೈರ್, ರಿಟ್ಜ್, ಪುಂಟೊ, ಲೀನಿಯಾ, ಇಂಡಿಕಾ ವಿಸ್ತಾಗಳಲ್ಲೆಲ್ಲ ಬಂತು. 2020ರಲ್ಲಿ ಬಿಎಸ್ 6 ಹೊಗೆ ನಿಯಮ ಬಂದಾಗ ಮಾರುತಿ ಇದನ್ನು ನಿಲ್ಲಿಸಿದರೂ ಟ್ಯಾಕ್ಸಿ ಸ್ಟ್ಯಾಂಡುಗಳಲ್ಲಿ, ತೋಟದ ಮನೆಗಳಲ್ಲಿ ಇನ್ನೂ ಓಡುತ್ತಲೇ ಇದೆ. ಪೆಟ್ರೋಲ್ ಮತ್ತು ಸಿಎನ್‌ಜಿ ಕಾರಿನವರಿಗೆ ಬೇಕಾದ್ದನ್ನೂ ಆಯಾ ಜಾಗದಲ್ಲಿ ಹೇಳಿದ್ದೇನೆ.

ಹಂತ 1: ಯಾವಾಗ ಎಳೆಯುವುದಿಲ್ಲ ಅನ್ನುವುದನ್ನು ಬರೆದಿಡಿ

ಬಾನೆಟ್ ಎತ್ತುವ ಮುಂಚೆ ಒಂದು ಹಾಳೆ ತೆಗೆದುಕೊಳ್ಳಿ. ಎಳೆತ ಒಮ್ಮೆಗೇ ಹೋಯಿತೇ, ತಿಂಗಳುಗಟ್ಟಲೆ ನಿಧಾನವಾಗಿ ಇಳಿಯಿತೇ? ಒಮ್ಮೆಗೇ ಹೋಗಿದ್ದರೆ ಯಾವುದೋ ಪೈಪ್ ಕಳಚಿರುತ್ತದೆ, ವೈರ್ ತುಂಡಾಗಿರುತ್ತದೆ ಅಥವಾ ಸೆನ್ಸರ್ ಕೈಕೊಟ್ಟಿರುತ್ತದೆ. ನಿಧಾನವಾಗಿ ಇಳಿದಿದ್ದರೆ ಎಲ್ಲೋ ಕಟ್ಟಿಕೊಳ್ಳುತ್ತಿದೆ ಅಥವಾ ಸವೆಯುತ್ತಿದೆ.

ಎಲ್ಲ ಗೇರಿನಲ್ಲೂ ಹೀಗೆಯೇ? ಏರಿನಲ್ಲಿ ಮಾತ್ರವೇ? ಎಂಜಿನ್ ಬಿಸಿಯಾದ ಮೇಲೆಯೇ? ಡೀಸೆಲ್ ಹಾಕಿಸಿದ ಮಾರನೆಯ ದಿನದಿಂದಲೇ? ಮಳೆ ಬಂದ ಮೇಲೆಯೇ? ಬಂದ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಸ್ವಲ್ಪ ಹೊತ್ತು ಸರಿಹೋಗುತ್ತದೆಯೇ? ಈ ಕೊನೆಯ ಪ್ರಶ್ನೆಗೆ "ಹೌದು" ಅನ್ನುವಿರಾದರೆ ಸುಳಿವು ದೊಡ್ಡದು, ಹಂತ 3ರಲ್ಲಿ ನೋಡೋಣ.

ಹೊಗೆಯ ಬಣ್ಣವನ್ನೂ ಬರೆಯಿರಿ. ಹಿಂದಿನ ಕಾರಿನವರಿಗೆ ಕಾಣುವುದು ನಮಗೆ ಕಾಣುವುದಿಲ್ಲ, ಹಾಗಾಗಿ ಏರಿನಲ್ಲಿ ಇನ್ನೊಬ್ಬರನ್ನು ಹಿಂದೆ ಬರಲು ಹೇಳಿ. ಕಪ್ಪು ಹೊಗೆ ಬಂದರೆ ಇಂಧನಕ್ಕೆ ತಕ್ಕ ಗಾಳಿ ಸಿಗುತ್ತಿಲ್ಲ. ನೀಲಿ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಇಂಧನ ಪೂರ್ತಿ ಉರಿಯುತ್ತಿಲ್ಲ ಅಥವಾ ಕೂಲೆಂಟ್ ಒಳಗೆ ಸೇರುತ್ತಿದೆ. ಎಳೆತವೂ ಇಲ್ಲ, ಹೊಗೆಯೂ ಇಲ್ಲ ಅನ್ನುವಂತಿದ್ದರೆ ಡೀಸೆಲ್ಲೇ ಸಾಕಷ್ಟು ಬರುತ್ತಿಲ್ಲ, ಇಲ್ಲವೇ ಎಂಜಿನ್ನಿನ ಕಂಪ್ಯೂಟರ್ ತಾನಾಗಿ ಕಡಿಮೆ ಮಾಡಿದೆ.

ಹಂತ 2: ಎಂಜಿನ್ ತಪ್ಪಿಲ್ಲದೆಯೂ ಕಾರು ಏರುವುದಿಲ್ಲ

ಎಂಜಿನ್ ಶಕ್ತಿ ಕೊಡುತ್ತಿದ್ದರೂ ಅದು ರಸ್ತೆಗೆ ತಲುಪದೇ ಇರಬಹುದು. ಇದನ್ನು ಮೊದಲು ತಳ್ಳಿಹಾಕದೆ ಟರ್ಬೊ ಬಿಚ್ಚಿಸಿದವರು ಬೇಕಾದಷ್ಟು ಜನ ಇದ್ದಾರೆ.

ಆಕ್ಸಿಲರೇಟರಿನ ಕೆಳಗೆ ಮ್ಯಾಟ್ ಸುರುಟಿಕೊಂಡು ಪೆಡಲ್ ಪೂರ್ತಿ ಇಳಿಯುತ್ತಿಲ್ಲವೇ, ಕೈಹಾಕಿ ನೋಡಿ. ಹೊಸ ದಪ್ಪ ಮ್ಯಾಟ್ ಹಾಕಿಸಿದ ಮೇಲೆ ಇದು ಸಾಮಾನ್ಯ. ಬ್ರೇಕ್ ಒತ್ತದಿದ್ದರೂ ಹಿಂದಿನ ಬ್ರೇಕ್ ಲೈಟ್ ಉರಿಯುತ್ತಿದ್ದರೆ ಪೆಡಲಿನ ಸ್ವಿಚ್ ಕೆಟ್ಟಿದೆ. ಎರಡು ಪೆಡಲನ್ನೂ ಒಟ್ಟಿಗೆ ಒತ್ತಿದ್ದೀರಿ ಅಂದುಕೊಂಡು ಕೆಲವು ಕಾರುಗಳು ಎಂಜಿನ್ ಶಕ್ತಿಯನ್ನೇ ಇಳಿಸುತ್ತವೆ.

ಬ್ರೇಕ್ ಜಾಮ್ ಆಗಿದೆಯೇ ಅಂತ ತಿಳಿಯಲು ಹತ್ತು ಕಿಲೋಮೀಟರ್ ಓಡಿಸಿ, ಕೊನೆಯಲ್ಲಿ ಬ್ರೇಕ್ ಕಡಿಮೆ ಬಳಸಿ ನಿಲ್ಲಿಸಿ. ಒಂದೊಂದು ಚಕ್ರದ ರಿಮ್ ಹತ್ತಿರ ಕೈ ಹಿಡಿಯಿರಿ, ಮುಟ್ಟಬೇಡಿ. ಒಂದು ಮಾತ್ರ ಝಳ ಹೊಡೆಯುತ್ತಿದ್ದರೆ ಆ ಚಕ್ರದ ಕ್ಯಾಲಿಪರ್ ಪಿನ್ ತುಕ್ಕು ಹಿಡಿದಿರುತ್ತದೆ ಅಥವಾ ಹ್ಯಾಂಡ್‌ಬ್ರೇಕ್ ಕೇಬಲ್ ಸಿಕ್ಕಿಹಾಕಿಕೊಂಡಿರುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ನಿಂತ ಕಾರುಗಳಲ್ಲಿ, ಕರಾವಳಿಯ ಉಪ್ಪುಗಾಳಿಯ ಊರುಗಳಲ್ಲಿ ಇದು ಹೆಚ್ಚು. ಟಯರ್ ಗಾಳಿಯನ್ನೂ ಅದೇ ಹೊತ್ತಿಗೆ ನೋಡಿಬಿಡಿ.

ಕ್ಲಚ್ ಪರೀಕ್ಷೆಗೆ ಖಾಲಿ ರಸ್ತೆ ಬೇಕು. ನಾಲ್ಕನೇ ಗೇರಿನಲ್ಲಿ ಸುಮಾರು 50 ಕಿ.ಮೀ. ವೇಗದಲ್ಲಿ ಹೋಗುತ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಜಿಗಿದು ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಜಾರುತ್ತಿದೆ, ಸುಟ್ಟ ವಾಸನೆಯೂ ಬರಬಹುದು. ಮುಳ್ಳು ಮತ್ತು ವೇಗ ಎರಡೂ ಒಟ್ಟಿಗೆ ನಿಧಾನವಾಗಿ ಏರಿದರೆ ಕ್ಲಚ್ ಸರಿಯಿದೆ, ಎಂಜಿನ್ ಕಡೆಗೆ ಹೋಗೋಣ.

ಎತ್ತರವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಸಮುದ್ರಮಟ್ಟದಿಂದ ಪ್ರತಿ 300 ಮೀಟರ್ ಮೇಲೇರಿದಂತೆ ಸುಮಾರು ಶೇ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಮಂಗಳೂರಿನಲ್ಲಿ ಚುರುಕಾಗಿದ್ದ ಕಾರು ಬೆಂಗಳೂರಿನಲ್ಲಿ ಸುಮಾರು ಶೇ 10ರಷ್ಟು, ಊಟಿಯಲ್ಲಿ ಶೇ 20ಕ್ಕಿಂತ ಹೆಚ್ಚು ಮಂಕಾದರೆ ಅದು ದೋಷವಲ್ಲ. ಶಿರಾಡಿ ಘಾಟಿಯಲ್ಲಿ ಐದು ಜನ, ಡಿಕ್ಕಿ ತುಂಬ ಸಾಮಾನು, ಎಸಿ ಹಾಕಿಕೊಂಡು ಸಣ್ಣ ಪೆಟ್ರೋಲ್ ಕಾರು ಎರಡನೇ ಗೇರ್ ಕೇಳಿದರೆ ಅದೂ ಸಹಜವೇ.

ಹಂತ 3: ಸ್ಕ್ಯಾನರ್ ಹಾಕಿ, ಕೋಡ್ ಓದಿ ಅಲ್ಲಿಗೇ ನಿಲ್ಲಬೇಡಿ

ಸ್ಟೀರಿಂಗ್ ಕೆಳಗೆ 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ. ಅದಕ್ಕೆ ಚುಚ್ಚುವ ಇಎಲ್‌ಎಂ 327 ಬ್ಲೂಟೂತ್ ಅಡಾಪ್ಟರ್ ಆನ್‌ಲೈನಿನಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಮೊಬೈಲಿನಲ್ಲಿ ಟಾರ್ಕ್ ಅಥವಾ ಕಾರ್ ಸ್ಕ್ಯಾನರ್ ಆ್ಯಪ್ ಹಾಕಿಕೊಂಡರೆ ಅರ್ಧ ಗ್ಯಾರೇಜ್ ಕೈಯಲ್ಲಿದ್ದಂತೆ.

ಏರಿನಲ್ಲಿ ಒಮ್ಮೆಗೇ ಕತ್ತು ಹಿಸುಕಿದಂತಾಗಿ ಎಂಜಿನ್ 2,500 ಅಥವಾ 3,000 ಆರ್‌ಪಿಎಂ ದಾಟಲು ಒಪ್ಪದಿದ್ದರೆ, ಬಂದ್ ಮಾಡಿ ಸ್ಟಾರ್ಟ್ ಮಾಡಿದಾಗ ಮತ್ತೆ ಸರಿಹೋದರೆ, ಅದು ಲಿಂಪ್ ಮೋಡ್. ಹೆಚ್ಚು ಹಾನಿಯಾಗದಿರಲಿ ಅಂತ ಕಂಪ್ಯೂಟರೇ ಶಕ್ತಿಯನ್ನು ತಡೆದಿಟ್ಟಿದೆ. ಬಹುತೇಕ ಆ ದೋಷದ ಸಂಕೇತ, ಅಂದರೆ ಕೋಡ್, ದಾಖಲಾಗಿರುತ್ತದೆ. ಬ್ಯಾಟರಿ ಕಳಚಿ "ರೀಸೆಟ್" ಮಾಡುವವರ ಕೈಗೆ ಮೊದಲೇ ಕೊಡಬೇಡಿ, ಸುಳಿವೇ ಅಳಿಸಿಹೋಗುತ್ತದೆ.

ಎಳೆತದ ವಿಷಯದಲ್ಲಿ ಪದೇಪದೇ ಬರುವ ಕೋಡುಗಳು ಕೆಲವೇ. ಪಿ0299 ಅಂದರೆ ಟರ್ಬೊ ಒತ್ತಡ ಸಾಲುತ್ತಿಲ್ಲ, ಪಿ0234 ಅಂದರೆ ಮಿತಿ ಮೀರುತ್ತಿದೆ. ಪಿ0087 ಬಂದರೆ ಇಂಜೆಕ್ಟರುಗಳಿಗೆ ಇಂಧನ ಹಂಚುವ ಕೊಳವೆಯ, ಅಂದರೆ ರೈಲಿನ, ಒತ್ತಡ ಕಡಿಮೆ. ಪಿ0101 ಗಾಳಿ ಅಳೆಯುವ ಮಾಫ್ ಸೆನ್ಸರಿನದು, ಪಿ0401 ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ ಇಜಿಆರ್‌ನದು, ಪಿ2463 ಹೊಗೆಯ ಮಸಿ ಹಿಡಿಯುವ ಫಿಲ್ಟರಿನಲ್ಲಿ, ಅಂದರೆ ಡಿಪಿಎಫ್‌ನಲ್ಲಿ, ಮಸಿ ತುಂಬಿದ್ದರ ಗುರುತು. ಪೆಟ್ರೋಲಿನಲ್ಲಿ ಪಿ0300ರಿಂದ ಪಿ0304ರವರೆಗೆ ಬಂದರೆ ಮಿಸ್ಸಿಂಗ್ (ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಹೊತ್ತುತ್ತಿಲ್ಲ), ಪಿ0171 ಬಂದರೆ ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು.

ಕೋಡ್ ಹೇಳುವುದು ಲಕ್ಷಣ ಮಾತ್ರ. ಪಿ0299 ಬಂತು ಅಂದ ಮಾತ್ರಕ್ಕೆ ಟರ್ಬೊ ಹಾಳಾಗಿದೆ ಅಂತ ಅರ್ಥವಲ್ಲ. ಒಡೆದ ಪೈಪಿಗೂ ಅದೇ ಕೋಡ್, ಸುಳ್ಳು ಹೇಳುವ ಸೆನ್ಸರಿಗೂ ಅದೇ ಕೋಡ್. ಆದ್ದರಿಂದ ಆ್ಯಪಿನ ಲೈವ್ ಡೇಟಾ ತೆರೆಯಿರಿ.

ಮೊದಲು ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ, ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರಿನ ಅಂಕಿ ನೋಡಿ. ಆಗ ಅದು ಸುತ್ತಲಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಮಂಗಳೂರು, ಉಡುಪಿಯಲ್ಲಿ ಸುಮಾರು 101 ಕಿಲೋಪಾಸ್ಕಲ್, ಬೆಂಗಳೂರಿನಲ್ಲಿ 90–91, ಮಡಿಕೇರಿಯಲ್ಲಿ 88ರ ಆಸುಪಾಸು. ಬೆಂಗಳೂರಿನಲ್ಲಿ ನಿಂತು 75 ತೋರಿಸಿದರೆ ಸೆನ್ಸರನ್ನೇ ಅನುಮಾನಿಸಿ. ಆಕ್ಸಿಲರೇಟರ್ ಪೂರ್ತಿ ಒತ್ತಿ ಪೆಡಲ್ ರೀಡಿಂಗ್ ಸರಾಗವಾಗಿ ಕೊನೆಯವರೆಗೂ ಏರುತ್ತದೆಯೇ, ನಡುವೆ ಬೀಳುತ್ತದೆಯೇ ನೋಡಿ. ಕೂಲೆಂಟ್ ಶಾಖವನ್ನೂ ಗಮನಿಸಿ. ಎಂಜಿನ್ ಅತಿಯಾಗಿ ಕಾದರೆ ಕಂಪ್ಯೂಟರ್ ಶಕ್ತಿ ಕಡಿತ ಮಾಡುತ್ತದೆ, ಆಗ ಹುಡುಕಬೇಕಾದ್ದು ರೇಡಿಯೇಟರ್ ಫ್ಯಾನನ್ನು.

ಹಂತ 4: ಗಾಳಿಯ ದಾರಿ

ನಮ್ಮ ಕಡೆಯ ಡೀಸೆಲ್ ಕಾರುಗಳಲ್ಲಿ ಅತಿ ಹೆಚ್ಚು ತೊಂದರೆ ಸಿಗುವುದು ಇಲ್ಲೇ, ಅತಿ ಹೆಚ್ಚು ದುಡ್ಡು ವ್ಯರ್ಥವಾಗುವುದೂ ಇಲ್ಲೇ. ನಿಧಾನವಾಗಿ ನೋಡಿ.

ಏರ್ ಫಿಲ್ಟರ್ ಡಬ್ಬಿ ತೆರೆಯಿರಿ. ಫಿಲ್ಟರ್ ಬಿಸಿಲಿಗೆ ಹಿಡಿದಾಗ ಬೆಳಕು ಕಾಣದಿದ್ದರೆ ಬದಲಾಯಿಸಿ. ಡಬ್ಬಿಯ ತಳದಲ್ಲಿ, ಮುಂದಿನ ಗ್ರಿಲ್ ಕಡೆಯಿಂದ ಬರುವ ಕೊಳವೆಯಲ್ಲಿ ಟಾರ್ಚ್ ಬಿಟ್ಟು ನೋಡುವುದನ್ನು ಮರೆಯಬೇಡಿ. ಅಡಕೆ ತೋಟ, ಕೊಟ್ಟಿಗೆಯ ಪಕ್ಕ ನಿಲ್ಲುವ ಕಾರುಗಳಲ್ಲಿ ಇಲಿಗಳು ಅಲ್ಲಿ ಗೂಡು ಕಟ್ಟುತ್ತವೆ. ತೆಂಗಿನ ನಾರು, ಅಡಕೆ ಸಿಪ್ಪೆ, ಬಾನೆಟ್ಟಿನ ಒಳಹಾಸಿನಿಂದ ಕಿತ್ತ ಹತ್ತಿ ಎಲ್ಲ ಅಲ್ಲಿ ಸಿಗುತ್ತದೆ. ಗೂಡು ಸಿಕ್ಕರೆ ಸುತ್ತಲಿನ ವೈರುಗಳಲ್ಲಿ ಹಲ್ಲಿನ ಗುರುತನ್ನೂ ಹುಡುಕಿ.

ಮುಂದಿನದು ಟರ್ಬೊದಿಂದ ಗಾಳಿಯನ್ನು ತಣಿಸುವ ಇಂಟರ್‌ಕೂಲರಿಗೆ, ಅಲ್ಲಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸುಗಳು. ನನ್ನ ಚಿಕ್ಕಪ್ಪನ ಡೀಸೆಲ್ ಸೆಡಾನ್ ಘಾಟಿ ಏರುವಾಗ ಕರಿ ಹೊಗೆ ಕಾರುತ್ತಿತ್ತು, ಮೂರನೇ ಗೇರಿನಲ್ಲೂ ತಿಣುಕುತ್ತಿತ್ತು. ಒಂದು ಗ್ಯಾರೇಜಿನವರು ಟರ್ಬೊ ಹೋಗಿದೆ ಅಂತ ಬರೆದುಕೊಟ್ಟಿದ್ದರು. ನಾವು ಕೆಳಗಿನ ಪ್ಲಾಸ್ಟಿಕ್ ತಟ್ಟೆ ಬಿಚ್ಚಿ ಇಂಟರ್‌ಕೂಲರಿನ ಹೋಸನ್ನು ಬಟ್ಟೆಯಿಂದ ಒರೆಸಿದೆವು. ಮೇಲುಗಡೆ ಎಲ್ಲ ಸರಿಯಿತ್ತು. ತಳಭಾಗದಲ್ಲಿ, ಕ್ಲಿಪ್ಪಿನಿಂದ ಎರಡು ಬೆರಳು ಈಚೆಗೆ, ಎಣ್ಣೆ ಜಿಡ್ಡಿಗೆ ಧೂಳು ಅಂಟಿ ಕಪ್ಪಗೆ ಒಂದು ಗೆರೆಯಾಗಿತ್ತು. ಹೋಸನ್ನು ಬಗ್ಗಿಸಿದರೆ ಆ ಗೆರೆ ಬಾಯಿ ಬಿಡುತ್ತಿತ್ತು, ಬಿಟ್ಟರೆ ಮುಚ್ಚಿಕೊಳ್ಳುತ್ತಿತ್ತು. ನಿಂತಲ್ಲೇ ರೇಸ್ ಕೊಟ್ಟಾಗ ಒತ್ತಡ ಹುಟ್ಟುವುದಿಲ್ಲವಾದ್ದರಿಂದ ಗ್ಯಾರೇಜಿನಲ್ಲಿ ಅದು ಯಾರಿಗೂ ಗೊತ್ತಾಗಿರಲಿಲ್ಲ. ಹೋಸ್ ಬದಲಾಯಿಸಿದ್ದಷ್ಟೇ, ಅದೇ ಟರ್ಬೊ ಈಗಲೂ ಓಡುತ್ತಿದೆ.

ಆದ್ದರಿಂದ ಹೋಸುಗಳನ್ನು ಕಣ್ಣಿನಿಂದ ಮಾತ್ರ ನೋಡಬೇಡಿ, ತಣ್ಣಗಾದ ಎಂಜಿನ್ನಿನಲ್ಲಿ ಬೆರಳಿಂದ ತಳ ಸವರಿ, ಬಗ್ಗಿಸಿ ನೋಡಿ. ಒಳಗೆ ತೆಳುವಾಗಿ ಎಣ್ಣೆ ಹಚ್ಚಿದಂತಿದ್ದರೆ ಗಾಬರಿ ಬೇಡ, ಹೊರಗೆ ಒಂದೇ ಜಾಗದಲ್ಲಿ ಒದ್ದೆಯಾಗಿದ್ದರೆ ಅಲ್ಲಿಂದಲೇ ಗಾಳಿ ಹೋಗುತ್ತಿದೆ. ಹೀಗೂ ಸಿಗದಿದ್ದರೆ ಗ್ಯಾರೇಜಿನಲ್ಲಿ ಬೂಸ್ಟ್ ಲೀಕ್ ಪರೀಕ್ಷೆ ಮಾಡಿಸಿ. ಏರ್ ಫಿಲ್ಟರ್ ಕಡೆಯ ಕೊಳವೆ ಮುಚ್ಚಿ ಅರ್ಧ ಬಾರ್‌ನಷ್ಟು ಗಾಳಿ ತುಂಬಿ ಸೋಪಿನ ನೀರು ಹಾಕಿದರೆ ಸೋರುವ ಕಡೆ ನೊರೆ ಏಳುತ್ತದೆ.

ಈಗ ಓಡಿಸುತ್ತಾ ಅಳೆಯಿರಿ. ನೀವು ಗಾಡಿ ಓಡಿಸಿ, ಪಕ್ಕದವರು ಮೊಬೈಲ್ ನೋಡಲಿ. ಮೂರನೇ ಗೇರಿನಲ್ಲಿ ಖಾಲಿ ಏರುರಸ್ತೆಯಲ್ಲಿ ಪೂರ್ತಿ ಒತ್ತಿದಾಗ ಸಣ್ಣ ಟರ್ಬೊ ಡೀಸೆಲಿನಲ್ಲಿ ಮ್ಯಾಪ್ ಒತ್ತಡ 2,000 ಆರ್‌ಪಿಎಂ ದಾಟುವಷ್ಟರಲ್ಲಿ 200 ಕಿಲೋಪಾಸ್ಕಲ್ ಆಸುಪಾಸಿಗೆ ಬರಬೇಕು. 120–130ಕ್ಕೇ ನಿಂತರೆ ಒತ್ತಡ ಸೋರುತ್ತಿದೆ ಅಥವಾ ಹುಟ್ಟುತ್ತಲೇ ಇಲ್ಲ.

ಸೋರಿಕೆ ಇಲ್ಲವೆಂದು ಖಾತ್ರಿಯಾದ ಮೇಲೆ ಮಾತ್ರ ಟರ್ಬೊ. 1.3 ಎಂಜಿನ್ನಿನ 75 ಪಿಎಸ್ (ಅಶ್ವಶಕ್ತಿ) ಮಾದರಿಯಲ್ಲಿ ಸಾದಾ ಟರ್ಬೊ. ಒತ್ತಡ ಮಿತಿಮೀರದಂತೆ ಹೊಗೆಯನ್ನು ಬೇರೆ ದಾರಿಗೆ ಬಿಡುವ ಅದರ ವೇಸ್ಟ್‌ಗೇಟ್ ತೆರೆದೇ ನಿಂತರೆ ಒತ್ತಡ ಏರುವುದಿಲ್ಲ. 90 ಪಿಎಸ್ ಮಾದರಿಯಲ್ಲಿ ಒಳಗೆ ಕೋನ ಬದಲಿಸುವ ರೆಕ್ಕೆಗಳಿರುತ್ತವೆ. ಮಸಿ ಕಟ್ಟಿ ಅವು ಸಿಕ್ಕಿಕೊಂಡರೆ ಒಮ್ಮೆ ಒತ್ತಡ ಸಾಲದು, ಒಮ್ಮೆ ಮೀರುತ್ತದೆ. ಅಲ್ಲಿ ರೆಕ್ಕೆಗಳನ್ನು ತಿರುಗಿಸುವ ಆಕ್ಚುಯೇಟರ್ ಕಡ್ಡಿ ಸಲೀಸಾಗಿ ಆಡುತ್ತದೆಯೇ, ಅದಕ್ಕೆ ಬರುವ ಸಣ್ಣ ವ್ಯಾಕ್ಯೂಮ್ ಪೈಪ್ ಬಿರಿದಿದೆಯೇ ನೋಡಿ. ಕೆಲವೇ ರೂಪಾಯಿಯ ಆ ಪೈಪಿಗೆ ಬಲಿಯಾದ ಟರ್ಬೊಗಳು ಬಹಳ. ಕೊನೆಗೆ ಗಾಳಿ ಒಳಹೋಗುವ ಕಡೆಯ ಕೊಳವೆ ಕಳಚಿ ಟರ್ಬೊದ ಶಾಫ್ಟ್ ಹಿಡಿದು ಅಲುಗಿಸಿ. ಅಡ್ಡಕ್ಕೆ ತುಸು ಅಲುಗುವುದು ಸಹಜ. ಹಿಂದೆಮುಂದೆ ಎಳೆದರೆ ಆಡಬಾರದು, ತಿರುಗುವ ಚಕ್ರದ ರೆಕ್ಕೆ ಸುತ್ತಲಿನ ಗೋಡೆಗೆ ತಾಗಬಾರದು. ತಾಗಿದ ಗೀರು ಇದ್ದರೆ ಟರ್ಬೊ ನಿಜಕ್ಕೂ ಹೋಗಿದೆ.

ಮಾಫ್ ಸೆನ್ಸರನ್ನು ಅದಕ್ಕೆಂದೇ ಸಿಗುವ ಕ್ಲೀನರ್ ಸ್ಪ್ರೇಯಿಂದ ಮಾತ್ರ ತೊಳೆಯಿರಿ, ಬಟ್ಟೆ ಅಥವಾ ಬ್ರಷ್ ತಾಗಿಸಬೇಡಿ.

ಹಂತ 5: ಡೀಸೆಲ್ಲಿನ ದಾರಿ

ಇಲ್ಲಿ ಒಂದು ಎಚ್ಚರಿಕೆ. ಕಾಮನ್ ರೈಲ್ ಡೀಸೆಲಿನಲ್ಲಿ ಒತ್ತಡ ಐಡಲ್‌ನಲ್ಲೇ (ರೇಸ್ ಕೊಡದೆ ಸುಮ್ಮನೆ ಓಡುವಾಗಲೇ) 250–350 ಬಾರ್, ಪೂರ್ತಿ ಲೋಡಿನಲ್ಲಿ 1,400 ಬಾರ್ ಮೀರಬಹುದು. ಎಂಜಿನ್ ಓಡುತ್ತಿರುವಾಗ ರೈಲ್ ಪೈಪ್ ಸಡಿಲಿಸಬೇಡಿ, ಸೋರಿಕೆಗೆ ಬೆರಳು ಒಡ್ಡಬೇಡಿ. ಆ ಧಾರೆ ಚರ್ಮ ಸೀಳಿಕೊಂಡು ಒಳಗೆ ಹೋಗುತ್ತದೆ. ಹಾಗಾದರೆ ಗಾಯ ಸಣ್ಣದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಮನೆಯಲ್ಲಿ ಮಾಡಬಹುದಾದ್ದು ಡೀಸೆಲ್ ಫಿಲ್ಟರಿನ ನೀರು ತೆಗೆಯುವುದು. ಎಂಜಿನ್ ಬಂದ್ ಮಾಡಿ, ಫಿಲ್ಟರಿನ ತಳದ ಸ್ಕ್ರೂ ಸಡಿಲಿಸಿ, ಪಾರದರ್ಶಕ ಬಾಟಲಿಗೆ ಸ್ವಲ್ಪ ಇಳಿಸಿಕೊಂಡು ಕಾಲು ಗಂಟೆ ಬಿಡಿ. ನೀರಿದ್ದರೆ ಕೆಳಗೆ ಬೇರೆ ಪದರವಾಗಿ ನಿಲ್ಲುತ್ತದೆ. ಕಪ್ಪು ಲೋಳೆ ಅಥವಾ ತುಕ್ಕಿನ ಪುಡಿ ಕಂಡರೆ ಟ್ಯಾಂಕನ್ನೂ ತೊಳೆಸಬೇಕು. ಫಿಲ್ಟರ್ ಬದಲಾಯಿಸಿದ ಮೇಲೆ ಏರ್ ತೆಗೆಯದೆ ಸೆಲ್ಫ್ ಹೊಡೆಯುತ್ತಾ ಹೋದರೆ ಹೈ ಪ್ರೆಶರ್ ಪಂಪಿಗೆ ಪೆಟ್ಟು.

ನಂತರ ರೈಲ್ ಒತ್ತಡ. ಕಂಪೆನಿ ಸ್ಕ್ಯಾನರಿನಲ್ಲಿ ಕಂಪ್ಯೂಟರ್ ಕೇಳಿದ ಒತ್ತಡ ಮತ್ತು ಸಿಕ್ಕಿದ ಒತ್ತಡ ಎರಡೂ ಕಾಣುತ್ತವೆ. ಏರಿನಲ್ಲಿ ಪೂರ್ತಿ ಒತ್ತಿದಾಗ ಸಿಕ್ಕಿದ್ದು ಹಿಂದೆ ಬಿದ್ದರೆ ಡೀಸೆಲ್ ಸಾಲುತ್ತಿಲ್ಲ. ಫಿಲ್ಟರ್ ಹೊಸದಿದ್ದೂ ಹೀಗಾದರೆ ಇಂಜೆಕ್ಟರುಗಳ ರಿಟರ್ನ್ ಪರೀಕ್ಷೆ ಕೇಳಿ. ನಾಲ್ಕೂ ಇಂಜೆಕ್ಟರಿನಿಂದ ವಾಪಸು ಬರುವ ಡೀಸೆಲನ್ನು ನಾಲ್ಕು ಬಾಟಲಿಗೆ ಬಿಟ್ಟು ಐಡಲ್‌ನಲ್ಲಿ ಓಡಿಸುತ್ತಾರೆ. ಒಂದು ಮಾತ್ರ ಬೇಗ ತುಂಬಿದರೆ ಅದೊಂದೇ ಇಂಜೆಕ್ಟರ್ ಸೋರುತ್ತಿದೆ, ನಾಲ್ಕನ್ನೂ ಬದಲಾಯಿಸಬೇಕಿಲ್ಲ. ಬದಲಾಯಿಸಿದ ಇಂಜೆಕ್ಟರಿಗೆ ಕೋಡಿಂಗ್ ಬೇಕಾಗುವ ಕಾರಾದರೆ ಅದನ್ನು ಸ್ಕ್ಯಾನರಿನಲ್ಲಿ ತುಂಬಿಸಿದ್ದಾರೆಯೇ ಕೇಳಿ.

ಹಂತ 6: ಪೆಟ್ರೋಲ್ ಮತ್ತು ಸಿಎನ್‌ಜಿ

ಸಿಎನ್‌ಜಿ ಕಾರಿನವರಿಗೆ ಒಂದು ಅನುಕೂಲವಿದೆ. ಅದೇ ಏರನ್ನು ಒಮ್ಮೆ ಗ್ಯಾಸಿನಲ್ಲಿ, ಒಮ್ಮೆ ಪೆಟ್ರೋಲಿನಲ್ಲಿ ಹತ್ತಿ. ಗ್ಯಾಸಿನಲ್ಲಿ ತುಸು ಮಂಕಾಗುವುದು ಸಹಜ. ಗ್ಯಾಸಿನಲ್ಲಿ ತೀರಾ ಎಳೆಯದೆ ಪೆಟ್ರೋಲಿನಲ್ಲಿ ಚೆನ್ನಾಗಿದ್ದರೆ ಸಿಎನ್‌ಜಿ ಫಿಲ್ಟರ್, ರೆಗ್ಯುಲೇಟರ್ ನೋಡಿ. ಎರಡರಲ್ಲೂ ಒಂದೇ ಥರ ಇದ್ದರೆ ಪ್ಲಗ್, ಕಾಯಿಲ್, ಸೈಲೆನ್ಸರ್ ಕಡೆ ಹುಡುಕಿ.

ಮಿಸ್ಸಿಂಗ್ ಇದ್ದರೆ ಯಾವ ಸಿಲಿಂಡರ್ ಅಂತ ಕೋಡೇ ಹೇಳುತ್ತದೆ. ಪಿ0302 ಅಂದರೆ ಎರಡನೆಯದು. ಎಂಜಿನ್ ಬಂದ್ ಮಾಡಿ ಆ ಕಾಯಿಲನ್ನು ಮೂರನೆಯದಕ್ಕೆ ಅದಲುಬದಲು ಮಾಡಿ ಓಡಿಸಿ. ಕೋಡ್ ಪಿ0303 ಆದರೆ ಕಾಯಿಲ್ ಕೆಟ್ಟಿದೆ. ಪಿ0302 ಹಾಗೇ ಉಳಿದರೆ ಪ್ಲಗ್ಗನ್ನೂ ಹಾಗೇ ಬದಲಿಸಿ ನೋಡಿ. ಇದಕ್ಕಿಂತ ಸುಲಭದ, ಖಚಿತವಾದ ಪರೀಕ್ಷೆ ಇನ್ನೊಂದಿಲ್ಲ.

ಫ್ಯುಯೆಲ್ ಟ್ರಿಮ್ ಅನ್ನುವ ಅಂಕಿ ನೋಡಿ, ಕಂಪ್ಯೂಟರ್ ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚುಕಡಿಮೆ ಮಾಡುತ್ತಿದೆ ಅನ್ನುವುದು ಅದು. ಪ್ಲಸ್ ಮೈನಸ್ 5ರೊಳಗಿದ್ದರೆ ಚಿಂತೆಯಿಲ್ಲ. ಪ್ಲಸ್ 10 ದಾಟಿದರೆ ಕಂಪ್ಯೂಟರ್ ಪೆಟ್ರೋಲ್ ಹೆಚ್ಚಿಸಿ ಸರಿದೂಗಿಸಲು ಹೆಣಗುತ್ತಿದೆ. ಐಡಲ್‌ನಲ್ಲಿ ಹೆಚ್ಚಿದ್ದು ರೇಸ್ ಕೊಟ್ಟಾಗ ಇಳಿದರೆ ಎಲ್ಲೋ ಕಳ್ಳಗಾಳಿ ಸೇರುತ್ತಿದೆ. ಐಡಲ್‌ನಲ್ಲಿ ಸರಿಯಿದ್ದು ಏರಿನಲ್ಲಿ ಹೆಚ್ಚಿದರೆ ಫ್ಯುಯೆಲ್ ಪಂಪ್ ಅಥವಾ ಫಿಲ್ಟರ್ ಅನುಮಾನಿಸಿ, ಗೇಜ್ ಹಾಕಿ ಒತ್ತಡ ಅಳೆಸಿ. ಸಾದಾ ಪೆಟ್ರೋಲ್ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ 3–4 ಬಾರ್ ಬೇಕು.

ಹಂತ 7: ಹೊಗೆ ಹೊರಹೋಗುವ ದಾರಿ

ಗಾಳಿಯೂ ಸರಿ, ಇಂಧನವೂ ಸರಿ, ಆದರೂ ಆರ್‌ಪಿಎಂ ಏರಿದಷ್ಟೂ ಉಸಿರು ಕಟ್ಟುತ್ತದೆ ಅಂದರೆ ಸೈಲೆನ್ಸರ್ ದಾರಿ ಮುಚ್ಚಿದೆ. ಪೆಟ್ರೋಲಿನಲ್ಲಿ ಮಿಸ್ಸಿಂಗ್ ಇಟ್ಟುಕೊಂಡೇ ತಿಂಗಳುಗಟ್ಟಲೆ ಓಡಿಸಿದರೆ ಉರಿಯದ ಪೆಟ್ರೋಲ್ ಹೊಗೆ ಶುದ್ಧಮಾಡುವ ಕೆಟಲಿಟಿಕ್ ಕನ್ವರ್ಟರ್ ಸೇರಿ ಅಲ್ಲಿ ಉರಿದು, ಒಳಗಿನ ಜೇನುಗೂಡೇ ಕರಗಿ ಮುಚ್ಚಿಕೊಳ್ಳುತ್ತದೆ. ಮೊದಲ ಆಕ್ಸಿಜನ್ ಸೆನ್ಸರ್ ಬಿಚ್ಚಿ ಅಲ್ಲಿಗೆ ಗೇಜ್ ಹಾಕಿದರೆ ಐಡಲ್‌ನಲ್ಲಿ ಸುಮಾರು 1.25 ಪಿಎಸ್‌ಐ, 2,500 ಆರ್‌ಪಿಎಂನಲ್ಲಿ 3 ಪಿಎಸ್‌ಐ ಮೀರಬಾರದು. ಹೊಸ ಕನ್ವರ್ಟರ್ ಹಾಕುವ ಮುಂಚೆ ಮಿಸ್ಸಿಂಗ್ ಸರಿಮಾಡಿಸದಿದ್ದರೆ ಹೊಸದೂ ಹಳೆಯದರ ದಾರಿ ಹಿಡಿಯುತ್ತದೆ.

ಬಿಎಸ್ 6 ಡೀಸೆಲಿನಲ್ಲಿ ಡಿಪಿಎಫ್ ಇದೆ. ಊರೊಳಗೆ ಎರಡು ಮೂರು ಕಿಲೋಮೀಟರ್ ಓಡಿಸಿ ನಿಲ್ಲಿಸುವವರ ಕಾರಿನಲ್ಲಿ ಮಸಿ ಉರಿಯಲು ಬೇಕಾದ ಶಾಖವೇ ಹುಟ್ಟುವುದಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಡಿಪಿಎಫ್ ಲೈಟ್ ಬಂದಾಗಲೇ ಹೆದ್ದಾರಿಯಲ್ಲಿ 2,000 ಆರ್‌ಪಿಎಂಗಿಂತ ಮೇಲೆ ಇಪ್ಪತ್ತು ನಿಮಿಷ ನಿಲ್ಲಿಸದೆ ಓಡಿಸಿದರೆ ಬಹುತೇಕ ಸರಿಹೋಗುತ್ತದೆ. ಲೈಟ್ ಮಿನುಗಲು ಶುರುವಾಗಿ ಲಿಂಪ್ ಮೋಡ್ ಬಂದ ಮೇಲೆ ಸರ್ವಿಸ್ ಸೆಂಟರಿನ ಕೆಲಸ. ಆಯಿಲ್ ಕಡ್ಡಿಯನ್ನೂ ನೋಡಿ, ಮಟ್ಟ ಮೇಲಿನ ಗುರುತು ದಾಟಿದ್ದರೆ ಡೀಸೆಲ್ ಬೆರೆತಿದೆ, ಬದಲಾಯಿಸಲೇಬೇಕು.

ಇಜಿಆರ್ ವಾಲ್ವ್ ತೆರೆದೇ ಸಿಕ್ಕಿಕೊಂಡರೆ ಹೊಗೆ ಮತ್ತೆ ಎಂಜಿನ್ನಿಗೇ ಹೋಗಿ ಕಪ್ಪಗೆ ಕಾರುತ್ತದೆ. ಬಿಚ್ಚಿ ಮಸಿ ತೊಳೆದರೆ ಸಾಮಾನ್ಯವಾಗಿ ಸಾಕು. ತಗಡು ಹಾಕಿ ಮುಚ್ಚಿಬಿಡುತ್ತೇವೆ, ಡಿಪಿಎಫ್ ಕೊರೆದು ತೆಗೆಯುತ್ತೇವೆ ಅನ್ನುವವರ ಮಾತು ಕೇಳಬೇಡಿ. ಅದು ಕಾನೂನುಬಾಹಿರ, ಆ ಮಸಿ ನಮ್ಮ ಮಕ್ಕಳ ಶ್ವಾಸಕೋಶಕ್ಕೇ ಹೋಗುತ್ತದೆ.

ಹಂತ 8: ಎಂಜಿನ್ನಿನ ಒಳಗೆ

ಇಲ್ಲಿಯವರೆಗೆ ಯಾವುದೂ ಸಿಗದಿದ್ದರೆ ಮಾತ್ರ ಕಂಪ್ರೆಷನ್ ಪರೀಕ್ಷೆ, ಅಂದರೆ ಒಂದೊಂದು ಸಿಲಿಂಡರಿನಲ್ಲಿ ಎಷ್ಟು ಒತ್ತಡ ಹುಟ್ಟುತ್ತದೆ ಅಂತ ಅಳೆಯುವುದು. ಅಂಕಿ ಎಷ್ಟು ಅನ್ನುವುದಕ್ಕಿಂತ ಸಿಲಿಂಡರುಗಳ ನಡುವಿನ ವ್ಯತ್ಯಾಸ ಮುಖ್ಯ, ಶೇ 10–15ರಷ್ಟು ಮೀರಿದರೆ ತೊಂದರೆ. ಕಡಿಮೆ ಬಂದ ಪೆಟ್ರೋಲ್ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಒತ್ತಡ ಏರಿದರೆ ತೊಂದರೆ ಪಿಸ್ಟನ್ ರಿಂಗಿನದು, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್‌ನದು. ಮಲ್ಟಿಜೆಟ್‌ನಂಥ ಚೈನ್ ಎಂಜಿನ್ನಿನಲ್ಲಿ ಮುಂಭಾಗದಿಂದ ಗರಗರ ಶಬ್ದ ಬರುತ್ತಿದ್ದರೆ ಟೈಮಿಂಗನ್ನೂ ನೋಡಿಸಿ.

ಹಂತ 9: ಸರಿಯಾಯಿತು ಅಂತ ಹೇಗೆ ಗೊತ್ತು?

ಕೋಡ್ ಅಳಿಸಿ. ಮೊದಲು ಎಲ್ಲಿ ಏರಲಿಲ್ಲವೋ ಅದೇ ಏರು, ಅದೇ ಗೇರ್, ಕಾರಿನಲ್ಲಿ ಅಷ್ಟೇ ಜನ. ಮ್ಯಾಪ್ ಒತ್ತಡ, ರೈಲ್ ಒತ್ತಡ ಅಥವಾ ಟ್ರಿಮ್ ಅಂಕಿಯನ್ನು ನಿಮ್ಮ ಹಾಳೆಯಲ್ಲಿ ಹಳೆಯದರ ಪಕ್ಕ ಬರೆಯಿರಿ. "ಈಗ ಚೆನ್ನಾಗಿದೆ ಅನ್ನಿಸುತ್ತದೆ" ಅನ್ನುವುದು ಸಾಲದು. ಕಂಪ್ಯೂಟರ್ ರೀಸೆಟ್ ಆದ ಮೊದಲ ದಿನ ಬಹಳ ಕಾರುಗಳು ಚೆನ್ನಾಗಿಯೇ ಓಡುತ್ತವೆ. ವಾರ ಕಳೆದ ಮೇಲೆ ಮತ್ತೊಮ್ಮೆ ಸ್ಕ್ಯಾನರ್ ಹಾಕಿ, ಪೆಂಡಿಂಗ್ ಕೋಡುಗಳ ಪಟ್ಟಿ ನೋಡಿ. ಚೆಕ್ ಎಂಜಿನ್ ಲೈಟ್ ಹೊತ್ತುವ ಮೊದಲೇ ತೊಂದರೆ ಅಲ್ಲಿ ಕಾಣಿಸುತ್ತದೆ. ಬದಲಾಯಿಸಿದ ಹಳೆಯ ಭಾಗವನ್ನು ಗ್ಯಾರೇಜಿನಿಂದ ಕೇಳಿ ಪಡೆಯಿರಿ. ಆ ಹಾಳೆಯನ್ನು ಬಿಲ್ಲಿನ ಜೊತೆ ಕಾರಿನಲ್ಲೇ ಇಟ್ಟಿರಿ, ಮುಂದಿನ ಸಲ ಬಾನೆಟ್ ಎತ್ತುವವರು ಅಲ್ಲಿಂದಲೇ ಶುರು ಮಾಡಬಹುದು.